ಮನೆಯ ಧ್ವನಿವರ್ಧಕವೂ ಅದನ್ನು ಮಾಡುವ ಕೈಯೂ



1935ನೆಯ ಇಸವಿಯ ಸೆಪ್ಟೆಂಬರ್ ತಿಂಗಳ 10ನೆಯ ತಾರೀಖಿನಂದು ಮೈಸೂರಿನ ‘ವಿಠಲ ವಿಹಾರ’ವೆಂಬ ಮನೆಯೊಂದರಿಂದ, ಬರಿಯ 30 ವ್ಯಾಟ್ ಶಕ್ತಿಯ ಪ್ರೇಷಕ ಯಂತ್ರವೊಂದರ ಸಹಾಯದಿಂದ, ಈ ಊರಿನ ಬಾನುಲಿ ಪ್ರಸಾರ ಮೊದಲಾಯಿತು. ಅದನ್ನು ಮೊದಲು ಮಾಡಿದ್ದು ಸರ್ಕಾರವಲ್ಲ, ವ್ಯಾಪಾರದ ಸಂಸ್ಥೆಯೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿ ಬಂದು, 1924ರಲ್ಲಿ ಇಲ್ಲಿನ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಆ ವಿದ್ವಾಂಸರು ತಮ್ಮ ಮನೆಯನ್ನೇ ನಿಲಯವನ್ನಾಗಿ ಮಾಡಿಕೊಂಡು ನಡೆಸಿದ ಪ್ರಸಾರಕ್ಕಿದ್ದ ‘ಆಕಾಶವಾಣಿ’ಯೆಂಬ ಹೆಸರನ್ನು ಮುಂದೆ ದೇಶವೇ ಅಂಗೀಕರಿಸಿತೆಂಬುದು ಮೈಸೂರಿನವರೆಲ್ಲರೂ ಅಭಿಮಾನದಿಂದ ನೆನೆಯುವ ಸಂಗತಿ. ಈ ಹೊತ್ತು ಆ ಚರಿತ್ರೆಯಿಂದ ನಾನು ಎತ್ತಿಕೊಳ್ಳಬೇಕೆಂದಿರುವುದು ಬೇರೊಂದು ಅಂಶವನ್ನು. ಶಬ್ದವನ್ನು ದೂರಕ್ಕೆ ಕಳುಹಿಸುವಂಥ ಮಹತ್ಕಾರ್ಯವೇ ಒಬ್ಬರ ಆಸಕ್ತಿಯಿಂದ, ಒಂದು ಮನೆಯಲ್ಲಿ, ಅವರ ಸ್ವಂತ ಹೊಣೆಯ ಮೇಲೆ ಹುಟ್ಟಬಹುದಾದರೆ, ಹಾಗೆ ಬಂದ ಶಬ್ದವನ್ನು ಯಥಾವತ್ತಾಗಿ ಕೇಳಿಸತಕ್ಕ ಸಾಧನವೂ ಮನೆಯಲ್ಲಿ, ಸಣ್ಣ ಕಾರ್ಯಾಗಾರದಲ್ಲಿ, ಒಬ್ಬಿಬ್ಬರ ಕೈಯಲ್ಲಿ ಹುಟ್ಟಬಹುದಷ್ಟೆ. ಹುಟ್ಟಬಹುದು ಎಂಬುದಕ್ಕಿಂತ, ಉತ್ತಮವಾದ ಗೃಹೋಪಯೋಗಿ ಧ್ವನಿವರ್ಧಕಗಳು ಪ್ರಪಂಚದಲ್ಲಿ ಬಹುಮಟ್ಟಿಗೆ ಹುಟ್ಟಿರುವುದೇ ಹಾಗೆ ಎಂದರೆ ಸತ್ಯಕ್ಕೆ ಹೆಚ್ಚು ಸಮೀಪವಾದೀತು. ಅಂಥ ಸಣ್ಣ ತಯಾರಕರ ಕೆಲಸವನ್ನು ಕುರಿತು, ಮೈಸೂರಿನಂಥ ಊರಿಗೆ ಆ ಕೆಲಸದಲ್ಲಿ ಇರತಕ್ಕ ಸಹಜವಾದ ಅಧಿಕಾರವನ್ನು ಕುರಿತು, ನಾಲ್ಕು ಮಾತುಗಳನ್ನು ಆಡಬೇಕೆಂಬುದು ನನ್ನ ಉದ್ದೇಶ.

ಧ್ವನಿವರ್ಧಕವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಮದುವೆಯ ಚಪ್ಪರದಲ್ಲಿಯೂ ಉತ್ಸವದ ಬೀದಿಯಲ್ಲಿಯೂ ಕಿವಿಗಡಚಿಕ್ಕುವ ಯಂತ್ರ. ದೊಡ್ಡ ಸಭೆಗೆ ಸದ್ದು ಮುಟ್ಟಬೇಕಾದದ್ದು ಒಂದು ಕಾಲದಲ್ಲಿ ನಿಜವಾದ ಕಷ್ಟವೇ ಆಗಿತ್ತು. ನಮ್ಮ ಊರಿನ ಪಿಟೀಲು ಚೌಡಯ್ಯನವರು ನಾಲ್ಕು ತಂತಿಗಳ ವಾದ್ಯಕ್ಕೆ ಮತ್ತೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ನುಡಿಸಿದ್ದು, ವಾದ್ಯದ ನಾದ ಸಭೆಯ ಕೊನೆಯ ಸಾಲಿನವರೆಗೂ ತುಂಬಿ ಹರಿಯಲೆಂಬ ಆಶಯದಿಂದ. ಇಂದು ಗಾತ್ರವೆಂಬುದು ಅಗ್ಗವಾಗಿದೆ. ಗುಂಡಿಯೊಂದನ್ನು ತಿರುಗಿಸಿದರೆ ಎಷ್ಟು ಬೇಕಾದರೂ ದೊರೆಯುತ್ತದೆ. ದೊರೆಯದೆ ಇರುವುದು ನಾದದ ಯಾಥಾರ್ಥ್ಯ. ಗಾಯಕನ ಕಂಠವು ಆ ಗಾಯಕನ ಕಂಠವಾಗಿಯೇ, ತಂಬೂರಿಯ ಜೀವಾಳವು ಜೀವಾಳವಾಗಿಯೇ, ನಾಲ್ಕು ಗೋಡೆಗಳ ನಡುವೆ ಕುಳಿತವನ ಕಿವಿಗೆ ಮುಟ್ಟಬೇಕೆಂಬುದೇ ಮನೆಯ ಧ್ವನಿವರ್ಧಕದ ಏಕೈಕ ಧರ್ಮ.

ಈ ಯಂತ್ರದ ತತ್ತ್ವ ಅತಿ ಸರಳ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ವಿಜ್ಞಾನಿಗಳು 1925ರಲ್ಲಿ ಪ್ರಕಟಿಸಿದ ರಚನೆಯೇ ಇಂದಿಗೂ ಮೂಲತಃ ಉಳಿದುಕೊಂಡು ಬಂದಿದೆ. ಬಲವಾದ ಅಯಸ್ಕಾಂತದ ಕಿರಿದಾದ ಕಂಡಿಯಲ್ಲಿ ತಾಮ್ರದ ತಂತಿಯ ಸುರುಳಿಯೊಂದು ತೂಗಿಕೊಂಡಿರುತ್ತದೆ. ಅದಕ್ಕೆ ಕಾಗದದ ಶಂಕುವೊಂದು ಅಂಟಿಕೊಂಡಿರುತ್ತದೆ. ಸಂಗೀತವು ವಿದ್ಯುತ್ತಿನ ರೂಪದಲ್ಲಿ ಸುರುಳಿಯನ್ನು ಹೊಕ್ಕಾಗ ಅದು ಹಿಂದುಮುಂದಾಗಿ ಅಲುಗಿ, ಶಂಕುವು ಎದುರಿನ ಗಾಳಿಯನ್ನು ನೂಕಿ ಸೆಳೆದು ಶಬ್ದವನ್ನು ಎಬ್ಬಿಸುತ್ತದೆ. ಕಷ್ಟವೆಲ್ಲ ಇರುವುದು ಅಲ್ಲಿಂದ ಮುಂದೆ. ಸೆಕೆಂಡಿಗೆ 100 ಕಂಪನಗಳ ಮಂದ್ರನಾದದ ಅಲೆ ಗಾಳಿಯಲ್ಲಿ ಸುಮಾರು 3.4 ಮೀಟರ್ ಉದ್ದ. 10,000 ಕಂಪನಗಳ ತೀಕ್ಷ್ಣನಾದದ ಅಲೆ 3.4 ಸೆಂಟಿಮೀಟರ್ ಮಾತ್ರ. ಇವೆರಡನ್ನೂ ಒಂದೇ ಶಂಕುವಿನಿಂದ ಸಮನಾಗಿ ಹೊರಡಿಸುವುದು ದುಸ್ಸಾಧ್ಯವಾದುದರಿಂದ, ಮಂದ್ರಕ್ಕೆ ದೊಡ್ಡದಾದ ವೂಫರನ್ನೂ ತಾರಕ್ಕೆ ಚಿಕ್ಕದಾದ ಟ್ವೀಟರನ್ನೂ ಇಟ್ಟು, ಸಂಗೀತವನ್ನು ಸೀಳಿ ಎರಡಕ್ಕೂ ಹಂಚುವ ಕ್ರಾಸೋವರ್ ಎಂಬ ಒಂದು ಮಂಡಲವನ್ನು ನಡುವೆ ಕಟ್ಟಬೇಕಾಗುತ್ತದೆ. ಇದಲ್ಲದೆ, ಶಂಕು ಮುಂದಕ್ಕೆ ನೂಕಿದ ಅಲೆಗೆ ವಿರುದ್ಧವಾದ ಅಲೆಯೊಂದು ಅದರ ಬೆನ್ನಿನಿಂದಲೂ ಹೊರಟು, ಎರಡೂ ಸೇರಿದೆಡೆಯಲ್ಲಿ ಮಂದ್ರಸ್ವರಗಳು ತಮ್ಮನ್ನು ತಾವೇ ಅಳಿಸಿಕೊಳ್ಳುವುದರಿಂದ, ಆ ಬೆನ್ನಿನ ಅಲೆಯನ್ನು ಬಂಧಿಸಲೆಂದು ಪೆಟ್ಟಿಗೆಯೊಂದು ಬೇಕಾಗುತ್ತದೆ. ಪೆಟ್ಟಿಗೆ ಬಂದಿತೆಂದರೆ ಅತಿ ದೊಡ್ಡ ಸಮಸ್ಯೆಯೂ ಬಂದಿತು. ಏಕೆಂದರೆ ಮರವೆಂಬುದು ಸುಮ್ಮನಿರುವ ಪದಾರ್ಥವಲ್ಲ.

ಮರ ಸುಮ್ಮನಿರುವುದಿಲ್ಲವೆಂಬುದನ್ನು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವೀಣೆ ಶೇಷಣ್ಣನವರ ಊರಿನಲ್ಲಿ ವೀಣೆ ಮಾಡುವ ಕುಶಲಿಯು ಹಲಸಿನ ಅಥವಾ ಬೀಟೆಯ ಮರದ ಕೊಡವನ್ನು ಒಳಗಿನಿಂದ ಕೊರೆಯುತ್ತ ಕೊರೆಯುತ್ತ, ಆಗಾಗ ಉಳಿಯನ್ನು ಕೆಳಗಿಟ್ಟು, ಬೆರಳ ಗೆಣ್ಣಿನಿಂದ ಅದರ ಬೆನ್ನನ್ನು ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತಷ್ಟು ತೆಳುವಾಗಬೇಕೋ ಇಲ್ಲಿಗೇ ಸಾಕೋ ಎಂಬುದನ್ನು ಆ ಸದ್ದಿನಿಂದಲೇ ನಿರ್ಣಯಿಸುತ್ತಾನೆ. ತಂತಿಯ ಅಲ್ಪವಾದ ಕಂಪನವನ್ನು ಮರವು ತನ್ನದನ್ನಾಗಿ ಮಾಡಿಕೊಂಡು ಹಾಡಬೇಕೆಂಬುದೇ ಅವನ ಸಾಧನೆ. ಧ್ವನಿವರ್ಧಕದ ಪೆಟ್ಟಿಗೆಯನ್ನು ಮಾಡುವವನೂ ಗೆಣ್ಣಿನಿಂದಲೇ ತಟ್ಟಿ ನೋಡುತ್ತಾನೆ. ಆದರೆ ಅವನು ಅಪೇಕ್ಷಿಸುವುದು ಇದಕ್ಕೆ ತದ್ವಿರುದ್ಧವಾದದ್ದನ್ನು. ಅವನ ಪೆಟ್ಟಿಗೆ ‘ಠಣ್’ ಎನ್ನಕೂಡದು, ‘ದೊಪ್’ ಎಂದು ಅಲ್ಲಿಗೇ ಅಡಗಬೇಕು. ವಿದ್ವಾಂಸನ ವೀಣೆ ಒಮ್ಮೆ ಹಾಡಿ ಮುಗಿಸಿದೆ. ಅದರ ಮರ ಕೊಡಬೇಕಾದ ನಾದವನ್ನೆಲ್ಲ ಕೊಟ್ಟಾಗಿದೆ. ಧ್ವನಿಮುದ್ರಿಕೆಯಲ್ಲಿ ಅದು ಸೇರಿಯೂ ಆಗಿದೆ. ಈಗ ಮನೆಯ ಪೆಟ್ಟಿಗೆಯೂ ತನ್ನ ದನಿಯನ್ನು ಅದಕ್ಕೆ ಸೇರಿಸಿದರೆ ಎರಡು ಮರಗಳು ಏಕಕಾಲದಲ್ಲಿ ಹಾಡಿದಂತಾಗಿ, ವಿದ್ವಾಂಸನು ನುಡಿಸದೆ ಇದ್ದ ವೀಣೆಯೊಂದು ನಮಗೆ ಕೇಳಿಸುತ್ತದೆ. ಆದುದರಿಂದ ಒಬ್ಬನು ಮರಕ್ಕೆ ವಾಕ್ಕನ್ನು ಕೊಡುವವನು, ಇನ್ನೊಬ್ಬನು ಮರಕ್ಕೆ ಮೌನವನ್ನು ಕಲಿಸುವವನು. ಇಬ್ಬರಿಗೂ ಬೇಕಾದದ್ದು ಮಾತ್ರ ಮರವನ್ನು ಬಲ್ಲ ಅದೇ ಕೈ, ನಾದವನ್ನು ಬಲ್ಲ ಅದೇ ಕಿವಿ.

ಈ ಮೌನವನ್ನು ಸಾಧಿಸುವ ದಾರಿಗಳು ಹಲವು. ಮರದ ನಾರನ್ನು ಒತ್ತಿ ಮಾಡಿದ 18 ಅಥವಾ 25 ಮಿಲಿಮೀಟರ್ ದಪ್ಪದ ಹಲಗೆಗಳನ್ನು ಬಳಸಿ, ಒಳಗೆ ಅಡ್ಡಪಟ್ಟಿಗಳನ್ನು ಕೊಟ್ಟು ಬಿಗಿಯುವವರು ಕೆಲವರು. ಗೋಡೆಯನ್ನು ತೆಳುವಾದ ಪದರ ಹಲಗೆಯಿಂದಲೇ ಮಾಡಿ, ಒಳಮೈಗೆ ಡಾಂಬರಿನ ಹಾಳೆಗಳನ್ನು ಅಂಟಿಸಿ, ಕಂಪನವು ಎದ್ದೊಡನೆ ಸತ್ತುಹೋಗುವಂತೆ ಮಾಡುವವರು ಕೆಲವರು. ಶಂಕುವಿನ ವಿಷಯದಲ್ಲಿಯೂ ಇಂಥದೇ ಸೂಕ್ಷ್ಮವಿದೆ. ಮೃದಂಗದ ಬಲಮುಖದ ನಡುವೆ ಮೆತ್ತಿದ ಕರಣೆಯು ಆ ಚರ್ಮದ ಅಸಂಬದ್ಧವಾದ ಕಂಪನಗಳನ್ನು ತಿದ್ದಿ ಶ್ರುತಿಬದ್ಧವನ್ನಾಗಿ ಮಾಡುತ್ತದೆಂಬುದನ್ನು ಸರ್ ಸಿ. ವಿ. ರಾಮನ್ನರು 1920ರಲ್ಲಿಯೇ ಲೋಕಕ್ಕೆ ವಿವರಿಸಿದರು. ಶಂಕುವಿನ ಮೇಲೆ ಧ್ವನಿವರ್ಧಕದ ಕುಶಲಿ ಬಳಿಯುವ ಜಿಗುಟಾದ ಲೇಪವೂ ಅದರ ಅಂಚಿನಲ್ಲಿ ಏಳುವ ಪುಂಡ ಕಂಪನಗಳನ್ನು ಅಡಗಿಸತಕ್ಕದ್ದೇ. ಎಷ್ಟು ಬಳಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಎರಡು ಕಡೆಯಲ್ಲಿಯೂ ಕೈಯಿಂದ ಕೈಗೆ ಬರುವ ವಿದ್ಯೆ.

ಇಂಥ ವಿದ್ಯೆ ಸಣ್ಣ ಮನೆಗಳಲ್ಲಿ ಹೇಗೆ ಬೆಳೆಯಿತೆಂಬುದಕ್ಕೆ ಇಂಗ್ಲೆಂಡಿನ ಚರಿತ್ರೆ ಒಳ್ಳೆಯ ಸಾಕ್ಷಿ. ಯಾರ್ಕ್‌ಷೈರಿನಲ್ಲಿ ಬಟ್ಟೆಯ ವ್ಯಾಪಾರದ ಉದ್ಯೋಗದಲ್ಲಿದ್ದ, ಸಂಗೀತದ ಹುಚ್ಚಿದ್ದ ಗಿಲ್ಬರ್ಟ್ ಬ್ರಿಗ್ಸ್ ಎಂಬಾತ 1932ರಲ್ಲಿ ಇಲ್ಕ್‌ಲಿ ಎಂಬ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಧ್ವನಿವರ್ಧಕಗಳನ್ನು ಮಾಡತೊಡಗಿ, ಬ್ರಾಡ್‌ಫರ್ಡ್ ರೇಡಿಯೋ ಸಂಘದ ಸ್ಪರ್ಧೆಯಲ್ಲಿ ಮೊದಲನೆಯ ಬಹುಮಾನವನ್ನೂ ಎರಡನೆಯ ಬಹುಮಾನವನ್ನೂ ತಾನೇ ಗೆದ್ದುಕೊಂಡ. ಆ ನೆಲಮಾಳಿಗೆಯಿಂದ ಹೊರಟ ವಾರ್ಫ್‌ಡೇಲ್ ಎಂಬ ಹೆಸರು ಲೋಕವಿಖ್ಯಾತವಾಯಿತು. ಬ್ರಿಗ್ಸ್ 1948ರಲ್ಲಿ ಧ್ವನಿವರ್ಧಕಗಳನ್ನು ಕುರಿತು ಸಾಮಾನ್ಯರಿಗೂ ತಿಳಿಯುವಂಥ ಪುಸ್ತಕವೊಂದನ್ನು ಬರೆದು ತನ್ನ ವಿದ್ಯೆಯನ್ನೆಲ್ಲ ಬಿಚ್ಚಿಟ್ಟ. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ಎಂಬ ದೊಡ್ಡ ಸಭಾಂಗಣದಲ್ಲಿ, ವೇದಿಕೆಯ ಮೇಲೆ ಕುಳಿತ ಕಲಾವಿದರ ವಾದನವನ್ನೂ ಅದರ ಧ್ವನಿಮುದ್ರಿಕೆಯನ್ನೂ ಒಂದಾದಮೇಲೊಂದರಂತೆ ಕೇಳಿಸಿ, ಭೇದವನ್ನು ನೀವೇ ನಿರ್ಣಯಿಸಿರೆಂದು ತುಂಬಿದ ಸಭೆಯ ಮುಂದೆ ತನ್ನ ಕೃತಿಯನ್ನು ಪರೀಕ್ಷೆಗೊಡ್ಡಿದ. ತಾನು ಮಾಡಿದ್ದನ್ನು ಮೂಲದ ಪಕ್ಕದಲ್ಲಿಯೇ ನಿಲ್ಲಿಸಿ ತೋರಿಸುವ ಈ ಧೈರ್ಯವು, ತನ್ನ ಕೈಯಿಂದ ಮಾಡಿದವನಿಗೆ ಮಾತ್ರ ಬರತಕ್ಕದ್ದು.

ಬಾನುಲಿಗೂ ಈ ಕುಶಲಕಲೆಗೂ ಇರುವ ಸಂಬಂಧ ಇನ್ನೂ ಹತ್ತಿರದ್ದು. ತಾವು ಪ್ರಸಾರ ಮಾಡುವ ಸಂಗೀತವನ್ನು ಮೊದಲು ತಾವು ಸರಿಯಾಗಿ ಕೇಳಬೇಕೆಂಬ ಹಟದಿಂದ ಬಿ.ಬಿ.ಸಿ.ಯ ಎಂಜಿನಿಯರುಗಳು ವರ್ಷಾನುಗಟ್ಟಲೆ ಸಂಶೋಧನೆ ನಡೆಸಿದರು. ಅವರಲ್ಲೊಬ್ಬರಾದ ಸ್ಪೆನ್ಸರ್ ಹ್ಯೂಸ್ ಎಂಬುವರು, ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯನ್ನು ಕಾಯಿಸಿ ಶಂಕುವಿನ ಆಕಾರಕ್ಕೆ ಎಳೆಯಲು ಮನೆಯ ಕಸ ಹೀರುವ ಯಂತ್ರವನ್ನೇ ಉಪಯೋಗಿಸಿ ಪ್ರಯೋಗ ಮಾಡಿದ್ದುಂಟು; 1969ರಲ್ಲಿ ಅವರು ಪತ್ನಿ ಡರತಿಯವರೊಡನೆ ಸೇರಿ ಇಬ್ಬರ ಹೆಸರಿನ ಭಾಗಗಳನ್ನು ಕೂಡಿಸಿ ಸ್ಪೆಂಡರ್ ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿದರು. ಅವರ ಹಿರಿಯ ಸಹೋದ್ಯೋಗಿಯಾಗಿದ್ದ ಹಾರ್‌ವುಡ್ಡರೂ 1977ರಲ್ಲಿ ಹಾಗೆಯೇ ಪತ್ನಿ ಎಲಿಜಬೆತ್ತರ ಹೆಸರನ್ನು ಸೇರಿಸಿ ಹಾರ್ಬೆತ್ ಸಂಸ್ಥೆಯನ್ನು ಸ್ಥಾಪಿಸಿದರು. ಹೊರಾಂಗಣ ಪ್ರಸಾರದ ವಾಹನದೊಳಗಿನ ಇಕ್ಕಟ್ಟಿಗೆಂದು ಬಿ.ಬಿ.ಸಿ. ರೂಪಿಸಿದ, ಸುಮಾರು 30 ಸೆಂಟಿಮೀಟರ್ ಎತ್ತರದ ಪುಟ್ಟ ಪೆಟ್ಟಿಗೆಯೊಂದನ್ನು ಇಂಥ ಸಣ್ಣ ಸಂಸ್ಥೆಗಳು ಪರವಾನಗಿ ಪಡೆದು ತಯಾರಿಸಿದುವು. ಮನುಷ್ಯಕಂಠವನ್ನು ಅದು ಕೇಳಿಸುವ ಸಹಜತೆಗಾಗಿ ರಸಿಕರು ಇಂದಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಮಾತು ಮಾತಿನಂತೆಯೇ ಕೇಳಬೇಕೆಂಬ ಬಾನುಲಿಯ ವ್ರತವೇ ಹೀಗೆ ಮನೆಮನೆಯ ಸಂಗೀತಕ್ಕೂ ಒದಗಿಬಂದಿತು.

ನಮ್ಮ ದೇಶವೂ ಈ ಕಾರ್ಯದಲ್ಲಿ ಹಿಂದುಳಿದಿಲ್ಲ. ಕೊಲ್ಕತ್ತದಲ್ಲಿ 1970ರಲ್ಲಿ ಹುಟ್ಟಿದ ಸೋನೋಡೈನ್, ಪುಣೆಯಲ್ಲಿ ಸ್ಥಿರವಿದ್ಯುತ್ತಿನಿಂದ ಕಂಪಿಸುವ ತೆಳುಹಾಳೆಯ ಧ್ವನಿವರ್ಧಕಗಳನ್ನು ಮಾಡುವ ಕೇಡೆನ್ಸ್, ನೆರೆಯ ಕೊಚ್ಚಿಯಲ್ಲಿ ವಾಸ್ತುಶಿಲ್ಪಿಯೊಬ್ಬರು ಕಟ್ಟಿ ಬೆಳೆಸಿದ ರೆಥಮ್, ಇವೆಲ್ಲ ವಿದೇಶದ ಪರಿಣತರ ಮುಂದೆ ತಲೆಯೆತ್ತಿ ನಿಂತ ಹೆಸರುಗಳು. ಕೊಚ್ಚಿಯ ಆ ಕುಶಲಿ, ಸಂಗೀತವನ್ನು ಸೀಳಿ ಹಂಚುವ ಗೋಜಿಗೇ ಹೋಗದೆ, ಮನುಷ್ಯಕಂಠದ ವ್ಯಾಪ್ತಿಯನ್ನೆಲ್ಲ ಒಂದೇ ಶಂಕುವಿಗೆ ವಹಿಸಿ, ಅದರ ಬೆನ್ನಿನ ಅಲೆಯನ್ನು ಕಹಳೆಯ ರಚನೆಯ ಮೂಲಕ ಹಾಯಿಸುವ ಕಠಿನ ಮಾರ್ಗವನ್ನು ಹಿಡಿದರು. ದೊಡ್ಡ ಕಾರ್ಖಾನೆ ಇಂಥ ಹಟವನ್ನು ಹಿಡಿಯಲಾರದು.

ಏಕೆ ಹಿಡಿಯಲಾರದೆಂಬುದನ್ನು ಯೋಚಿಸಿದರೆ ಸಣ್ಣ ತಯಾರಕನ ನಿಜವಾದ ಹಿರಿಮೆ ಗೊತ್ತಾಗುತ್ತದೆ. ಲಕ್ಷಗಟ್ಟಲೆ ಮಾರಾಟವಾಗಬೇಕಾದ ಯಂತ್ರವು ಅಂಗಡಿಯ ಗದ್ದಲದಲ್ಲಿ ಎರಡು ನಿಮಿಷ ಕೇಳಿ ಹಣ ಕೊಡುವವನನ್ನು ಮೆಚ್ಚಿಸಬೇಕು. ಅದಕ್ಕಾಗಿ ಅದರ ಮಂದ್ರವನ್ನು ಉಬ್ಬಿಸಬೇಕು, ತಾರವನ್ನು ಮಿರುಗಿಸಬೇಕು. ಹಾಗೆ ಮೆಚ್ಚಿಸಿದ ಯಂತ್ರವೇ ಮನೆಗೆ ಬಂದ ಮೇಲೆ, ಅರ್ಧ ಗಂಟೆ ಆಲಾಪನೆ ಕೇಳುವಷ್ಟರಲ್ಲಿ ಕಿವಿಯನ್ನು ದಣಿಸುತ್ತದೆ. ಸಣ್ಣ ತಯಾರಕನ ಗಿರಾಕಿಯಾದರೋ ಅವನ ಮನೆಗೇ ಹೋಗಿ, ತನ್ನ ಮೆಚ್ಚಿನ ಕಛೇರಿಯನ್ನು ಪೂರ್ತಿ ಕೇಳಿ, ಇಪ್ಪತ್ತು ವರ್ಷದ ಬಾಳಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳುವವನು. ವರ್ಷಗಳು ಕಳೆದು, ಶಂಕುವಿನ ಅಂಚಿನ ನೊರೆರಬ್ಬರು ನಮ್ಮ ಹವೆಯ ತೇವಕ್ಕೆ ಸವೆದು ಪುಡಿಯಾದಾಗ, ಅದನ್ನು ಕೆರೆದು ತೆಗೆದು ಹೊಸ ಅಂಚನ್ನು ಕೂರಿಸಿಕೊಡುವವನೂ ಅವನೇ. ಇಂದಿನ ಎಷ್ಟೋ ಯಂತ್ರಗಳು ಒಮ್ಮೆ ಕೆಟ್ಟರೆ ಬಿಚ್ಚುವುದಕ್ಕೂ ಬರದಂತೆ ಅಂಟಿಸಲ್ಪಟ್ಟಿರುವ ಕಾಲದಲ್ಲಿ, ಮಾಡಿದವನೇ ದುರಸ್ತಿಗೂ ಹೊಣೆಯಾಗುವ ಈ ಸಂಪ್ರದಾಯ ಬೆಲೆಯುಳ್ಳದ್ದು.

ಅವನ ಕೆಲಸವನ್ನು ಹತ್ತಿರದಿಂದ ನೋಡುವುದಾದರೆ ಕ್ರಾಸೋವರನ್ನು ಹೊಂದಿಸುವ ಹೊತ್ತಿನಲ್ಲಿ ನೋಡಬೇಕು. ಪೆಟ್ಟಿಗೆ ಸಿದ್ಧವಾಗಿದೆ, ತಾಮ್ರದ ಸುರುಳಿಗಳೂ ಕೆಪಾಸಿಟರುಗಳೂ ರೋಧಕಗಳೂ ಹಲಗೆಯೊಂದರ ಮೇಲೆ ಹೊರಗೇ ಹರಡಿಕೊಂಡಿವೆ, ಧ್ವನಿಮುದ್ರಿಕೆಯಿಂದ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ನುಡಿಯುತ್ತಿದೆ. ತಂತಿಯನ್ನು ಮೀಟಿದ ಸದ್ದು ಮೊದಲು ಬಂದು, ಅದರ ಬೆನ್ನಲ್ಲೇ ನಾದ ತುಂಬಿ, ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದಾಗ ಆ ನಾದವೇ ಬಾಗಿ ಗಮಕವಾಗಿ, ಕ್ರಮೇಣ ಕ್ಷೀಣಿಸಬೇಕು. ಟ್ವೀಟರು ಅರ್ಧ ಡೆಸಿಬೆಲ್ಲಿನಷ್ಟು ಮುಂದಾದರೂ ಮೀಟೇ ಮೇಲೆ ಬಿದ್ದು ನಾದ ಹಿಂದೆ ಸರಿಯುತ್ತದೆ. ಅಷ್ಟೇ ಹಿಂದಾದರೆ ವೀಣೆಯ ಮೇಲೆ ಕಂಬಳಿ ಮುಸುಕಿದಂತಾಗುತ್ತದೆ. ಕುಶಲಿ 3.3 ಓಮ್ ರೋಧಕವನ್ನು ಬಿಚ್ಚಿ 3.9ರದನ್ನು ಬೆಸೆಯುತ್ತಾನೆ, ಅದೇ ಪಲ್ಲವಿಯನ್ನು ಮತ್ತೆ ಕೇಳುತ್ತಾನೆ, ತಲೆಯಾಡಿಸಿ ಮತ್ತೆ ಬಿಚ್ಚುತ್ತಾನೆ. ವೂಫರಿನಿಂದ ಟ್ವೀಟರಿಗೆ ಸಂಗೀತ ದಾಟುವ ಎಡೆ ಸಾಮಾನ್ಯವಾಗಿ 2,000ದಿಂದ 3,000 ಕಂಪನಗಳ ಆಸುಪಾಸಿನಲ್ಲಿರುವುದರಿಂದಲೂ, ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದು ಆ ಆಸುಪಾಸಿನಿಂದಲೇ ಮೊದಲಾಗಿ ಮೇಲಕ್ಕಾದುದರಿಂದಲೂ, ಇಲ್ಲಿ ಮಾಡಿದ ಅಲ್ಪವಾದ ಅಪಚಾರವನ್ನೂ ಕಿವಿ ಕ್ಷಮಿಸುವುದಿಲ್ಲ. ದಿನಗಟ್ಟಲೆ ನಡೆಯುವ ಈ ತಾಳ್ಮೆಗೆ ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ಸ್ಥಳವಿರುವುದು ಕಷ್ಟ.

ಆದರೆ ಸಣ್ಣದೆಲ್ಲವೂ ಶ್ರೇಷ್ಠವೆಂದು ತಿಳಿಯಕೂಡದು. ಕಿವಿಯೊಂದನ್ನೇ ನಂಬಿ, ಅಳತೆಯನ್ನು ತಿರಸ್ಕರಿಸುವ ಕುಶಲಿ ತನ್ನ ಅಭಿರುಚಿಯನ್ನೇ ಸತ್ಯವೆಂದು ಭ್ರಮಿಸುವ ಅಪಾಯವುಂಟು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿಯೂ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ, ವೂಫರಿನ ಕೆಲವೇ ಗುಣಾಂಕಗಳನ್ನು ಅಳೆದು ಅದಕ್ಕೊಪ್ಪುವ ಪೆಟ್ಟಿಗೆಯ ಗಾತ್ರವನ್ನು ಮೊದಲೇ ಲೆಕ್ಕ ಹಾಕುವ ಗಣಿತವನ್ನು ಕೊಟ್ಟರು. ಹತ್ತು ಪೆಟ್ಟಿಗೆಗಳನ್ನು ಮಾಡಿ ಒಡೆಯುವ ಖರ್ಚಿಲ್ಲದೆ ಹನ್ನೊಂದನೆಯದನ್ನೇ ಮೊದಲು ಮಾಡುವ ಅನುಕೂಲ ಹೀಗೆ ಬಡ ಕುಶಲಿಗೂ ಒದಗಿತು. ಈಗಂತೂ ಅಳತೆಯ ಮೈಕ್ರೋಫೋನು ಒಂದು, ಕಂಪ್ಯೂಟರು ಒಂದು ಇದ್ದರೆ, ಹಿಂದೆ ದೊಡ್ಡ ಪ್ರಯೋಗಶಾಲೆಗಳಿಗೆ ಮಾತ್ರ ಸಾಧ್ಯವಾಗಿದ್ದ ಪರೀಕ್ಷೆಗಳನ್ನು ಮನೆಯ ಅಂಗಳದಲ್ಲಿ ಮಾಡಬಹುದು. ಗಣಿತವು ಕಿವಿಗೆ ಶತ್ರುವಲ್ಲ. ಕಿವಿಗೆ ಎಲ್ಲಿ ಸಂದೇಹ ಬಂದಿತೋ ಅಲ್ಲಿ ಕಾರಣವನ್ನು ತೋರಿಸುವ ಮಿತ್ರ.

ಮಾಡುವವನ ಮಾತಾಯಿತು, ಕೇಳುವವನ ಪಾಲೂ ಇದರಲ್ಲಿ ದೊಡ್ಡದು. ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜ ಒಡೆಯರು ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ನಿಷ್ಣಾತರು. ಲಂಡನ್ನಿನ ಧ್ವನಿಮುದ್ರಣ ನಿರ್ದೇಶಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ, ಅರಮನೆಯಲ್ಲಿ ಗಂಭೀರ ಸಂಗೀತದ ಧ್ವನಿಮುದ್ರಿಕೆಗಳ ಭಂಡಾರವನ್ನೂ, ಪಿಯಾನೋಗಳನ್ನೂ, ಅವುಗಳ ಜೊತೆಗೆ ಬಗೆಬಗೆಯ ಧ್ವನಿವರ್ಧಕಗಳನ್ನೂ ಕಂಡು ಬೆರಗಾದುದನ್ನು ಮುಂದೆ ಬರೆದುಕೊಂಡಿದ್ದಾರೆ. ಹೀಗೆ ಮನೆಯಲ್ಲಿ ಕುಳಿತು ಕೇಳಿದ ಮಹಾರಾಜರ ಆ ಕಿವಿಯೇ ರಷ್ಯದ ಸಂಗೀತ ರಚನಕಾರ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸುವುದಕ್ಕೆ ಹಣ ಕೊಟ್ಟಿತು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ಆಸರೆಯಾದದ್ದೂ, 1950ರ ಮೇ 22ರಂದು ರಿಚರ್ಡ್ ಸ್ಟ್ರೌಸನ ಕಡೆಯ ನಾಲ್ಕು ಗೀತೆಗಳ ಪ್ರಥಮ ಗಾಯನ ಲಂಡನ್ನಿನಲ್ಲಿ ನಡೆಯುವುದಕ್ಕೆ ನೆರವಾದದ್ದೂ ಅದೇ ಔದಾರ್ಯ. ಚೆನ್ನಾಗಿ ಕೇಳುವುದಕ್ಕೆ ಬೇಕಾದ ಸಾಧನವನ್ನು ಆಡಂಬರವೆಂದು ಎಣಿಸಬಾರದು; ಕೇಳುವ ಕಿವಿ ಎಲ್ಲಿ ಸೂಕ್ಷ್ಮವಾಗುವುದೋ ಅಲ್ಲಿಯೇ ಕಲೆಗೆ ಪೋಷಣೆಯೂ ಹುಟ್ಟುವುದು.

ಅರಮನೆಯ ಸಂಪತ್ತು ಎಲ್ಲರಿಗೂ ಇರಬೇಕಾಗಿಲ್ಲ. ಸಾಮಾನ್ಯ ಗೃಹಸ್ಥನು ಒಂದು ಜೊತೆ ಸಾಧಾರಣ ಗಾತ್ರದ ಧ್ವನಿವರ್ಧಕಗಳನ್ನು ವಿವೇಚನೆಯಿಂದ ಆರಿಸಿಕೊಂಡು, ಅವನ್ನು ಗೋಡೆಯ ಮೂಲೆಗೆ ಒತ್ತರಿಸದೆ, ಒಂದಿಷ್ಟು ಮುಂದಕ್ಕೆ ತಂದು, ಟ್ವೀಟರುಗಳು ಕುಳಿತವನ ಕಿವಿಯ ಮಟ್ಟಕ್ಕೆ ಬರುವಂತೆ ಇರಿಸಿ, ಅವುಗಳ ನಡುವಿನ ಅಂತರಕ್ಕೆ ಸಮನಾದ ದೂರದಲ್ಲಿ ತಾನು ಕುಳಿತರೆ ಅರ್ಧ ಕೆಲಸ ಮುಗಿಯಿತು. ಹಳೆಯ ತೊಟ್ಟಿಮನೆಗಳಲ್ಲಿ ಮರದ ಕಂಬಗಳೂ, ನಡುವಣ ಬಯಲೂ, ಹೆಂಚಿನ ಇಳಿಜಾರೂ ಶಬ್ದವನ್ನು ಚದುರಿಸಿ ಹದಗೊಳಿಸುತ್ತಿದ್ದುವು. ಈಗಿನ ಕಾಂಕ್ರೀಟಿನ ಕೊಠಡಿಗಳಲ್ಲಿ ನುಣುಪಾದ ನೆಲವೂ ಗಾಜಿನ ಕಿಟಕಿಯೂ ಶಬ್ದವನ್ನು ಎಡೆಬಿಡದೆ ಹಿಂದಕ್ಕೆಸೆದು ಗೊಜಗೊಜವೆನ್ನಿಸುತ್ತವೆ. ನೆಲಕ್ಕೊಂದು ಜಮಖಾನೆ, ಕಿಟಕಿಗೆ ದಪ್ಪನೆಯ ಪರದೆ, ಗೋಡೆಗೆ ಪುಸ್ತಕಗಳು ತುಂಬಿದ ಕಪಾಟು, ಇವು ಮಾಡುವ ಉಪಕಾರವನ್ನು ಎರಡರಷ್ಟು ಬೆಲೆಯ ಯಂತ್ರವೂ ಮಾಡಲಾರದು.

ಮೈಸೂರಿನಲ್ಲಿ ಈ ಕುಶಲಕಲೆಗೆ ಬೇಕಾದುದೆಲ್ಲವೂ ಕೂಡಿಬಂದಿದೆ. ಬೀಟೆಯ ಮರದಲ್ಲಿ ಕೂದಲೆಳೆಯಷ್ಟು ಸಂದಿಲ್ಲದೆ ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸುವ ಕೆತ್ತನೆಯವರಿದ್ದಾರೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಿವಿಯ ಶಾಸ್ತ್ರವನ್ನೇ ತನ್ನ ವಿಷಯವನ್ನಾಗಿ ಮಾಡಿಕೊಂಡಿದೆ, ಎಲ್ಲಕ್ಕಿಂತ ಮಿಗಿಲಾಗಿ, ಗಣೇಶೋತ್ಸವದ ಕಛೇರಿಗಳಲ್ಲಿ ಗಂಟೆಗಟ್ಟಲೆ ಕುಳಿತು, ಗಾಯಕನು ಸ್ವರವನ್ನು ಹಿಡಿದ ಬಗೆಯನ್ನು ಮರುದಿನ ಚರ್ಚಿಸುವ ರಸಿಕರಿದ್ದಾರೆ. ಮರದ ಕೈಗಾರಿಕೆಯವನೂ, ವಿದ್ಯುತ್ತಿನ ವಿದ್ಯಾರ್ಥಿಯೂ, ಶ್ರವಣಶಾಸ್ತ್ರಜ್ಞನೂ, ಸಂಗೀತ ಬಲ್ಲ ಹಿರಿಯನೂ ಒಂದು ಮೇಜಿನ ಸುತ್ತ ಕುಳಿತರೆ ಸಾಕು. ಹಾಗೆ ಒಬ್ಬ ಯುವಕನೋ ಯುವತಿಯೋ ತನ್ನ ಮನೆಯ ಹಿಂದಿನ ಕೊಠಡಿಯಲ್ಲಿ ಜೊತೆ ಪೆಟ್ಟಿಗೆಗಳನ್ನು ಮಾಡಿಟ್ಟಿರುವ ಸಮಾಚಾರ ನಿಮಗೆ ತಿಳಿದುಬಂದರೆ, ದಯಮಾಡಿ ಹೋಗಿ. ನಿಮಗೆ ಬಾಯಿಪಾಠವಾಗಿರುವ ಕಛೇರಿಯೊಂದರ ಧ್ವನಿಮುದ್ರಿಕೆಯನ್ನು ತೆಗೆದುಕೊಂಡು ಹೋಗಿ, ಪೂರ್ತಿ ಕೇಳಿ, ಸರಿಯಾದುದನ್ನು ಸರಿಯೆಂದೂ ತಪ್ಪಾದುದನ್ನು ತಪ್ಪೆಂದೂ ಮುಚ್ಚುಮರೆಯಿಲ್ಲದೆ ಹೇಳಿ; ಒಪ್ಪಿಗೆಯಾದರೆ ಚೌಕಾಸಿ ಮಾಡದೆ ಕೊಳ್ಳಿ. ವೈಣಿಕರನ್ನೂ ವೀಣೆ ಮಾಡುವವರನ್ನೂ ಸಮಾನವಾಗಿ ಸಾಕಿದ ಈ ಊರು, ಅದೇ ನಾದವನ್ನು ಕೆಡಿಸದೆ ಮನೆಗೆ ಮುಟ್ಟಿಸುವ ಕುಶಲಿಯನ್ನೂ ಸಾಕಲು ಮನಸ್ಸು ಮಾಡಿದರೆ, ಇಲ್ಲಿಂದ ಹೊರಡುವ ಧ್ವನಿವರ್ಧಕಕ್ಕೂ ಮೈಸೂರು ವೀಣೆಗಿರುವ ಮರ್ಯಾದೆಯೇ ದೊರೆಯುವುದರಲ್ಲಿ ನನಗೆ ಸಂದೇಹವಿಲ್ಲ.